ಎಡಗಣ್ಣಿನ ಹೂ

ಹರಿಹರದ ಬಸ್ಸು ದಾವಣಗೆರೆಯ ಹೊರಗಿನ ಹತ್ತಿ ಗೋದಾಮುಗಳನ್ನು ದಾಟುವಷ್ಟರಲ್ಲಿ ಬಕ್ಕೇಶ ತೊಡೆಯ ಮೇಲಿದ್ದ ಫೋಟೋಗೆ ಸುತ್ತಿದ್ದ ಪೇಪರು ಎಲ್ಲಾದರೂ ಹರಿದಿದೆಯೇ ಎಂದು ಮತ್ತೆ ಮತ್ತೆ ಬೆರಳಾಡಿಸಿ ನೋಡಿದ. ಹರಿದಿರಲಿಲ್ಲ. ಹರಿದಿದ್ದರೆ ಆ ಕಂಡಿಯಿಂದ ಕಸ್ತೂರಮ್ಮ ಹೊರಗೆ ನೋಡುತ್ತಿದ್ದಳು. ಕಸ್ತೂರಮ್ಮ ತೀರಿಕೊಂಡು ಹತ್ತು ದಿನವಾಗಿತ್ತು. ಇವತ್ತು ಹರಿಹರದ ಅವಳ ಮನೆಯಲ್ಲಿ ಶಿವಗಣಾರಾಧನೆ. ಅಯ್ಯನವರು ಬಂದು ಪೂಜೆಗೆ ಕೂಡುವ ಮೊದಲು ಈ ಫೋಟೋ ಗೋಡೆಯ ಮೇಲಿರಬೇಕು. ಇಂಥವನ್ನೆಲ್ಲ ಮನೆಮನೆಗೆ ಮುಟ್ಟಿಸುತ್ತಿದ್ದವನು ಪಿ.ಜೆ. ಬಡಾವಣೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಖುದ್ದೂಸ್. ಅವನು ಜ್ವರ ಬಂದು ಮಲಗಿದ್ದ. ಬೆಳಿಗ್ಗೆ ಹೋದರೆ ರಗ್ಗಿನೊಳಗಿಂದ ಮೂಗು ಮಾತ್ರ ಹೊರಗೆ ಹಾಕಿ, “ಇದೊಂದ್ ಸಲ ನೀವೇ ಹೋಗ್ಬರ್ರಿ ಮಾಸ್ತರೇ. ಸಾವಿನ ಮನಿ ಕೆಲ್ಸ, ತಪ್ಪಿಸ್ಬಾರ್ದು. ಕೊಡೋದು, ಬರೋದು. ಅವರೇನ್ ನಿಮ್ನ ತಿಂತಾರಾ?” ಎಂದಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಸುಳ್ಳಲ್ಲ. ತಿನ್ನುವುದಿಲ್ಲ, ನಿಜ, ಆದರೆ ನೋಡುತ್ತಾರೆ. ಮೊದಲು ಫೋಟೋ ನೋಡುತ್ತಾರೆ, ಆಮೇಲೆ ಅವನನ್ನು ನೋಡುತ್ತಾರೆ. ಇಷ್ಟು ವರ್ಷ ಈ ಕೆಲಸ ಮಾಡಿಯೂ ಬಕ್ಕೇಶ ಅಂಥ ಒಂದು ಮನೆಯ ಹೊಸ್ತಿಲನ್ನೂ ತುಳಿದಿರಲಿಲ್ಲ. ತುಳಿಯದೆ ಇದ್ದದ್ದರಿಂದಲೇ ಮಾಡಲು ಸಾಧ್ಯವಾಗಿತ್ತು ಎಂದು ಈಗ ಹೊಳೆಯಿತು.

ಕಸ್ತೂರಮ್ಮನ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಪಡಸಾಲೆಯ ಗೋಡೆಗೆ ಆನಿಸಿ, ಹಣೆತುಂಬ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿ, ಬದುಕಿದ್ದಾಗ ಒಂದು ದಿನವೂ ಬೆನ್ನು ನೆಟ್ಟಗೆ ಮಾಡದವರನ್ನು ನೆಟ್ಟಗೆ ಕೂರಿಸುತ್ತಾರೆ. ಬದುಕಿದ್ದಾಗ ಒಂದೂ ಫೋಟೋ ತೆಗೆಸಿಕೊಳ್ಳದವರು, ಅದರಲ್ಲೂ ಹೆಂಗಸರು, ಎಷ್ಟೋ ಜನ. ಅದು ಮನೆಯವರಿಗೆ ಆ ಹೊತ್ತಿಗೆ ನೆನಪಾಗಿ ಖುದ್ದೂಸನಿಗೆ ಹೇಳಿಕಳಿಸುತ್ತಾರೆ. ಅವನು ತೆಗೆದದ್ದನ್ನು ದೊಡ್ಡದು ಮಾಡಿ ಬಕ್ಕೇಶನಿಗೆ ಕೊಡುತ್ತಾನೆ. ತಲೆ ವಾಲದಂತೆ ಗದ್ದಕ್ಕೆ ಕಟ್ಟಿದ ಬಟ್ಟೆಯನ್ನು ಅಳಿಸಬೇಕು, ಭುಜ ಹಿಡಿದುಕೊಂಡ ಯಾರದೋ ಕೈ ಅಳಿಸಬೇಕು, ಮೂಗಿನ ಹತ್ತಿ ಅಳಿಸಬೇಕು, ತುಟಿಗೆ ರಕ್ತ ತರಬೇಕು, ಕಟ್ಟಕಡೆಗೆ ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬಿಡಿಸಬೇಕು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿ ಹೂಜಿ, ಮಾವಿನಕಾಯಿ ಬರೆಸಿ ಸಂಜೆ ಮನೆಗೆ ಬಂದವನು ವರಾಂಡದ ಕಿಟಕಿಯ ಬಳಿ ಕೂತು ಮಾಡುವ ಕೆಲಸ ಇದು. ಹೆಂಡತಿ ಆ ಫೋಟೋಗಳನ್ನು ಒಳಗೆ ತರಗೊಡುತ್ತಿರಲಿಲ್ಲ. ಕೆಲಸ ಮುಗಿಸಿ ಎದ್ದರೆ ಹಿತ್ತಲಿನ ಬಾಗಿಲಿಂದ ಬಚ್ಚಲಿಗೆ ಹೋಗಿ ಮೈತೊಳೆದುಕೊಂಡೇ ಒಳಗೆ ಬರಬೇಕು. ಒಮ್ಮೆ ಇವನು ರೇಗಿದ್ದಕ್ಕೆ ಅವಳು, “ದುಡ್ಡು ಬ್ಯಾಡ ಅಂದಿಲ್ಲ ನಾನು, ನೀರ್ ಹಾಕ್ಕೊಂಡ್ ಬರ್ರಿ ಅಂದೆ” ಎಂದಿದ್ದಳು. ಖುದ್ದೂಸ್ ಕೊಡುತ್ತಿದ್ದ ದುಡ್ಡಿನಲ್ಲೇ ಅವಳ ಕಿವಿಯೋಲೆ ಬಂದಿತ್ತು. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಓಲೆಯನ್ನೂ ತೊಳೆದು ಹಾಕಿಕೊಳ್ಳುತ್ತಿದ್ದಳು.

ಆದರೆ ದುಡ್ಡಿಗಾಗಿ ಅಲ್ಲ ಎಂಬುದು ಅವನಿಗೆ ಗೊತ್ತಿತ್ತು, ಮತ್ತು ಅದೇ ಅವನ ಭಯ. ಬಟ್ಟೆ, ಹತ್ತಿ, ತುಟಿ ಇವೆಲ್ಲ ಕೂಲಿ ಕೆಲಸ. ಕಣ್ಣಿಗೆ ಬಂದಾಗ ಮಾತ್ರ ಅವನ ಕೈ ಬೇರೆಯಾಗುತ್ತಿತ್ತು. ಸಣ್ಣ ಬ್ರಷ್ಷನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಮೊದಲ ಗೆರೆ ಎಳೆಯುವಾಗ ಬೀದಿಯ ಆಟೋ ಸದ್ದು, ಪಕ್ಕದ ಮನೆಯ ಟೀವಿ, ಹೆಡ್‌ಮಾಸ್ತರು ಅವತ್ತು ಎಲ್ಲರ ಮುಂದೆ ಆಡಿದ ಮಾತು, ಯಾವುದೂ ಇರುತ್ತಿರಲಿಲ್ಲ. ಅಷ್ಟು ಹೊತ್ತು ಅವನು ಸುಖವಾಗಿರುತ್ತಿದ್ದ. ಹೆಣದ ಮುಖದ ಮೇಲೆ ಬಗ್ಗಿ ಸುಖಪಡುವುದೆಂದರೇನು ಎಂದು ಯಾರಾದರೂ ಕೇಳಿಬಿಟ್ಟಾರು ಎಂದೇ ಅವನು ಅಂಜುತ್ತಿದ್ದ. ಬಿಡಿಸುತ್ತಿದ್ದುದು ಯಾವಾಗಲೂ ಒಂದೇ ಜೊತೆ ಕಣ್ಣು. ತುಸು ಎಡಕ್ಕೆ ತಿರುಗಿದ, ಒಳಮನೆಯಿಂದ ಯಾರೋ ಕರೆದದ್ದು ಕೇಳಿಸಿ ‘ಬಂದೆ’ ಎನ್ನುವುದಕ್ಕೆ ಮುಂಚಿನ ಕಣ್ಣು. ಅವನು ಕಂಡ ಯಾರವೂ ಅಲ್ಲ. ಯಾವಾಗಲೋ ಕೈಗೆ ಸಿಕ್ಕವು, ಆಮೇಲೆ ಬೇರೆ ಕಣ್ಣು ಬರೆಯುವ ಮನಸ್ಸೇ ಆಗಲಿಲ್ಲ. ಗಂಡಸರಾದರೆ ಹುಬ್ಬು ದಪ್ಪ ಮಾಡುತ್ತಿದ್ದ, ಅಷ್ಟೇ. ಯಾರೂ ಏನೂ ಅನ್ನಲಿಲ್ಲ. ‘ಥೇಟ್ ನಮ್ಮಪ್ಪನೇ ಅಂತಾರ್ರಿ, ಅತ್ತರ್ರಿ’ ಎಂದು ಖುದ್ದೂಸ್ ಬಂದು ಹೇಳುತ್ತಿದ್ದ. ಅತ್ತದ್ದು ಕೇಳಿದಾಗ ಬಕ್ಕೇಶನಿಗೆ ಕದ್ದ ಬೆಲ್ಲ ಬಾಯಲ್ಲಿ ಕರಗಿದ ಹಾಗೆ ಆಗುತ್ತಿತ್ತು.

ಕಸ್ತೂರಮ್ಮನ ಫೋಟೋ ಕೊಡುವಾಗ ಮಾತ್ರ ಖುದ್ದೂಸ್ ಒಂದು ಮಾತು ಸೇರಿಸಿದ್ದ. “ಎಡಗಣ್ಣಾಗೆ ಹೂ ಬಿದ್ದಿತ್ತಂತ್ರಿ. ಬಿಳೀದು. ಮಗಳು ಹೇಳ್ಯಾಳೆ, ಅದು ಹಂಗೇ ಇರ್ಬೇಕು ಅಂದಾಳೆ. ಮರೀಬ್ಯಾಡ್ರಿ.” ಬಕ್ಕೇಶ ಮರೆತಿರಲಿಲ್ಲ. ಮೊದಲು ಕಣ್ಣು ಮುಗಿಸಿ ಆಮೇಲೆ ಎಡಗಣ್ಣಿನ ಪಾಪೆಯ ಮೇಲೆ ಒಂದು ಬಿಳಿ ಚುಕ್ಕೆ ಇಟ್ಟರಾಯಿತು ಎಂದುಕೊಂಡಿದ್ದ. ಮುಗಿದ ಮೇಲೆ ನೋಡಿದರೆ ಅಷ್ಟು ಚೆನ್ನಾಗಿ ಆ ಕಣ್ಣು ಯಾವತ್ತೂ ಬಂದಿರಲಿಲ್ಲ. ಬಿಳಿ ಬಣ್ಣದಲ್ಲಿ ಅದ್ದಿದ ಬ್ರಷ್ಷು ಹಿಡಿದು ಕೂತ. ಇಡಲಾಗಲಿಲ್ಲ. ನಾಳೆ ಎಂದುಕೊಂಡ. ಮರುದಿನವೂ ಇಡಲಾಗಲಿಲ್ಲ. ಮೆಳ್ಳೆಗಣ್ಣು ಸರಿಮಾಡಿ, ಕಪ್ಪಗಿದ್ದವರನ್ನು ಬೆಳ್ಳಗೆ ಮಾಡಿ ಎಂದು ಬೇಡುವ ಜನ ಇದೊಂದು ಹೂವಿಗೆ ಜಗಳ ತೆಗೆಯುತ್ತಾರೆಯೇ ಎಂದು ತನಗೇ ಸಮಾಧಾನ ಹೇಳಿಕೊಂಡು ಫ್ರೇಮಿಗೆ ಕಳಿಸಿಬಿಟ್ಟ. ಈಗ ಬಣ್ಣದ ಡಬ್ಬಿ, ಬ್ರಷ್ಷು, ಫ್ರೇಮಿನ ಹಿಂದಿನ ಮೊಳೆ ಕೀಳಲು ಸಣ್ಣ ಇಕ್ಕಳ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೊರಟಿದ್ದ. ಒಂದು ಚುಕ್ಕೆ. ಈಗಲೂ ಇಡಬಹುದು. ಬಸ್ಸು ಇಳಿದು ಎಲ್ಲಾದರೂ ಕೂತು ಇಡಬಹುದು.

ಇದೆಲ್ಲ ಇಷ್ಟು ಹೆದರಿಸುವುದಕ್ಕೆ ಕಾರಣ ಪ್ರಶಾಂತ. ಆರ್ಟ್ ಸ್ಕೂಲಿನಲ್ಲಿ ಜೊತೆಗೆ ಓದಿದವನು, ಈಗ ಬೆಂಗಳೂರಿನಲ್ಲಿ ಚಿತ್ರಕಾರನೆಂದು ಹೆಸರು ಮಾಡಿದ್ದ. ಹೋದ ತಿಂಗಳು ಊರಿಗೆ ಬಂದವನು ಖುದ್ದೂಸನ ಸ್ಟುಡಿಯೋದಲ್ಲಿ ತಯಾರಾಗಿದ್ದ ಕೆಲವು ಫೋಟೋಗಳನ್ನು ಸಾಲಾಗಿ ಇಟ್ಟುಕೊಂಡು ಒಂದೊಂದರ ಮೇಲೂ ಬಗ್ಗಿ ನೋಡಿದ. ಆಮೇಲೆ, “ಲೇ ಬಕ್ಕೇಶ, ಇವರೆಲ್ಲ ಒಬ್ಬರೇ ಅಲ್ಲೇನೋ! ಎಲ್ಲಾ ಮುಖದಾಗೂ ಒಬ್ಬರೇ ನೋಡ್ತಿದಾರೆ. ಎಂಥಾ ಕೆಲ್ಸ ಮಾಡೀಯೋ ಮಾರಾಯ!” ಎಂದು ಹೆಗಲು ಹಿಡಿದು ಅಲ್ಲಾಡಿಸಿದ. ಮನೆಮನೆಯಿಂದ ಎಲ್ಲ ಫೋಟೋ ಎರವಲು ತಂದು ಬೆಂಗಳೂರಿನಲ್ಲಿ ಒಂದು ದೊಡ್ಡ ಪ್ರದರ್ಶನದ ಹಾಲಿನಲ್ಲಿ ತೂಗುಹಾಕಬೇಕು, ಕೆಳಗೆ ಬಕ್ಕೇಶನ ಹೆಸರು ಹಾಕಬೇಕು, ಪೇಪರಿನವರನ್ನು ಕರೆಯಬೇಕು, ನೋಡು ಆಮೇಲೆ. ಅವನ ಮಾತು ಕೇಳಿ ಬಕ್ಕೇಶನಿಗೆ ಮೊದಲು ಆದದ್ದು ಸಂತೋಷ. ಹಿಂದೊಮ್ಮೆ ದಸರಾ ಪ್ರದರ್ಶನದಲ್ಲಿ ಅವನ ಹೊಳೆಯ ಚಿತ್ರವನ್ನು ಕುಡಿಯುವ ನೀರಿನ ಡ್ರಮ್ಮಿನ ಮೇಲೆ ತೂಗುಹಾಕಿದ್ದರು. ಲೋಟ ಹಿಡಿದವರೆಲ್ಲ ಅದರ ಮುಂದೆ ನಿಂತು, ನೀರು ಕುಡಿದು, ಬಾಯಿ ಒರೆಸಿಕೊಂಡು ಹೋಗಿದ್ದರು. ಅದು ನೆನಪಾಗಿ ಕಣ್ಣು ತುಂಬಿ ಬಂದಿತ್ತು. ಆದರೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಆ ಪ್ರದರ್ಶನದ ಹಾಲು ಕಂಡಿತು. ಗೋಡೆತುಂಬ ಸತ್ತವರು. ದಾವಣಗೆರೆಯಿಂದ, ಹರಿಹರದಿಂದ, ನಂದಿಗುಡಿಯಿಂದ ಮಕ್ಕಳು ಮೊಮ್ಮಕ್ಕಳು ಬಸ್ಸು ಹತ್ತಿ ಬಂದು, ತಮ್ಮ ತಮ್ಮ ತಾಯಿಯನ್ನು ಹುಡುಕುತ್ತ ಫೋಟೋದಿಂದ ಫೋಟೋಗೆ ಓಡುತ್ತಿದ್ದರು, ಎಲ್ಲ ಕಡೆ ಅದೇ ಕಣ್ಣು ಕಂಡು ನಿಧಾನವಾಗಿ ಅವನ ಕಡೆ ತಿರುಗುತ್ತಿದ್ದರು. ಹೆಸರು ಬರಬೇಕೆಂದರೆ ಕಳ್ಳತನ ಬಯಲಾಗಬೇಕು. ‘ಆಮೇಲೆ ಹೇಳ್ತೀನಿ’ ಎಂದು ಪ್ರಶಾಂತನನ್ನು ಸಾಗಹಾಕಿದ್ದ. ಅವನು ಬಿಡುವವನಲ್ಲ, ಬರುವ ವಾರ ಮತ್ತೆ ಬರುತ್ತೇನೆಂದಿದ್ದ.

ಹರಿಹರದಲ್ಲಿ ಇಳಿದವನು ನೇರವಾಗಿ ಮನೆಗೆ ಹೋಗದೆ ದೇವಸ್ಥಾನದ ಹಿಂದೆ ಹೊಳೆಯ ಮೆಟ್ಟಿಲಿಗೆ ಹೋದ. ಬಿಸಿಲಿಗೆ ಕಲ್ಲು ಕಾದಿತ್ತು. ಕೆಳಗೆ ಯಾರೋ ಬಟ್ಟೆ ಒಗೆಯುತ್ತಿದ್ದರು. ನೆರಳಿರುವ ಕಡೆ ಕೂತು, ಸುತ್ತ ನೋಡಿ, ಪೇಪರು ಬಿಚ್ಚಿದ. ಕಸ್ತೂರಮ್ಮ ಎಡಕ್ಕೆ, ಹೊಳೆಯ ಕಡೆ, ಯಾರೋ ಕರೆದಂತೆ ನೋಡುತ್ತಿದ್ದಳು. ಇಕ್ಕಳದಿಂದ ಒಂದು ಮೊಳೆ ಕಿತ್ತ. ಎರಡನೆಯದಕ್ಕೆ ಇಕ್ಕಳ ಹಚ್ಚಿ ಕೂತ. ಈ ಕಣ್ಣು ಯಾರಿಗಾಗಿ, ಎಂದು ಕೇಳಿಕೊಂಡ. ದುಡ್ಡು ಖುದ್ದೂಸನ ಮಾತಿನಂತೆ ಸಿಗುತ್ತದೆ, ಹೂ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಹೆಸರಂತೂ ಇಲ್ಲ. ಹಾಗಾದರೆ ಈ ಒಂದು ಚುಕ್ಕೆಗೆ ಅಡ್ಡ ನಿಂತಿರುವುದು ತನ್ನ ಖುಷಿ ಒಂದೇ. ಯಾರಿಗೂ ಕೇಡು ಮಾಡದ, ಯಾರೂ ಕಾಣದ ಖುಷಿ ಎಂದು ಇಷ್ಟು ದಿನ ಎದೆಯಲ್ಲಿಟ್ಟು ಸಾಕಿದ್ದು ಒಬ್ಬ ಸತ್ತ ಹೆಂಗಸಿನ ಎಡಗಣ್ಣನ್ನು ತಿಂದು ಕೂತಿದೆ ಎನ್ನಿಸಿತು. ಆದರೂ ಕೈ ಮುಂದೆ ಹೋಗಲಿಲ್ಲ. ಒಗೆಯುತ್ತಿದ್ದ ಹೆಂಗಸು ತಲೆಯೆತ್ತಿ ತನ್ನ ಕಡೆ ನೋಡಿದ್ದೇ ತಡ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡು, ಪೇಪರು ಸುತ್ತಿ ಎದ್ದುಬಿಟ್ಟ.

ಕಸ್ತೂರಮ್ಮನ ಮನೆ ಅಲ್ಲೇ ದೇವಸ್ಥಾನದ ಓಣಿಯಲ್ಲಿತ್ತು. ಬಾಗಿಲ ಮುಂದೆ ಶಾಮಿಯಾನ, ಒಳಗೆ ಹುಗ್ಗಿಯ ವಾಸನೆ. ಅಜ್ಜಪ್ಪ ಕಸ್ತೂರಮ್ಮನ ಗಂಡ, ಕಾರ್ಖಾನೆಯಿಂದ ನಿವೃತ್ತನಾದ ಎತ್ತರದ ಮನುಷ್ಯ, ಹೆಗಲ ಮೇಲೆ ಬಿಳಿ ಟವಲು. “ಬರ್ರಿ ಮಾಸ್ತರೇ, ಕೂಡ್ರಿ. ಖುದ್ದೂಸ್ ಸಾಬ್ರು ಫೋನ್ ಮಾಡಿದ್ರು, ಬರ್ದೋರೇ ತರ್ತಾರೆ ಅಂದ್ರು. ನಮ್ ಪುಣ್ಯ” ಎಂದ. ಪುಣ್ಯ ಎಂಬ ಮಾತಿಗೆ ಬಕ್ಕೇಶ ಫೋಟೋವನ್ನು ಅವನ ಕಡೆ ಚಾಚಿದ. ಕೊಟ್ಟು ಹೊರಡುತ್ತೇನೆಂದರೆ ಬಿಡಲಿಲ್ಲ. “ಉಣ್ಣದಂಗೆ ಹೋಗ್ತಾರೇನ್ರಿ? ಮೊದ್ಲು ಇದನ್ನ ನೀವೇ ಗ್ವಾಡಿಗೆ ಹಾಕಿಬಿಡ್ರಿ. ಮೊಳೆ ಹೊಡ್ಸೀವಿ, ಅಗಾ ಅಲ್ಲಿ, ನಮ್ಮವ್ವನ ಪಕ್ಕಕ್ಕೆ. ಅವ್ವಂದೂ ನಿಮ್ಮಲ್ಲೇ ಮಾಡ್ಸಿದ್ದು. ಅದು ಅಷ್ಟ್ ಚಲೋ ಬಂದಿತ್ತಂತಲೇ ಇದಕ್ಕೂ ನಿಮ್ಮಲ್ಲಿಗೇ ಬಂದ್ವಿ.”

ಬಕ್ಕೇಶ ತಲೆಯೆತ್ತಿ ನೋಡಿದ. ಗದ್ದದ ಮೇಲೆ ಹಚ್ಚೆಯ ಮೂರು ಚುಕ್ಕೆ ಇದ್ದ ಮುದುಕಿ. ಗಾಜಿನ ಮೇಲೆ ವಿಭೂತಿ, ಕುಂಕುಮ ಪದರಪದರವಾಗಿ ಒಣಗಿತ್ತು. ಆ ಹಚ್ಚೆ ನೋಡಿದ್ದೇ ಎಲ್ಲ ನೆನಪಾಯಿತು: ತನಗೆ ಮದುವೆಯಾದ ಹೊಸತು, ಮಳೆಗಾಲದ ಸಂಜೆ, ಕರೆಂಟು ಹೋಗಿ ಲಾಟೀನು ಹತ್ತಿಸಿಕೊಂಡು ಈ ಮುದುಕಿಯ ಮುಚ್ಚಿದ ರೆಪ್ಪೆಯ ಮೇಲೆ ಬಗ್ಗಿದ್ದಾಗಲೇ ಆ ಕಣ್ಣು ಮೊದಲ ಸಲ ಅವನ ಕೈಗೆ ಬಂದದ್ದು. ಬಂದಾಗ ಎದ್ದು ವರಾಂಡದಲ್ಲಿ ಒಬ್ಬನೇ ಓಡಾಡಿದ್ದ. ಅವೇ ಕಣ್ಣು ಈಗ ಗೋಡೆಯಿಂದ ಎಡಕ್ಕೆ ನೋಡುತ್ತಿದ್ದವು, ಅವನ ಕೈಯಲ್ಲಿದ್ದ ಫೋಟೋದಲ್ಲೂ ಅವೇ. ಇನ್ನೇನು ಎರಡನ್ನೂ ಪಕ್ಕಪಕ್ಕದಲ್ಲಿ ತೂಗುಹಾಕಬೇಕು, ತಾನೇ ಹಾಕಬೇಕು. ಸ್ಟೂಲು ತಂದಿಟ್ಟರು. ಅವನು ಪೇಪರು ಬಿಚ್ಚಿ, ಬೇಗ ಹತ್ತಿ, ಹಾಕಿ, ಇಳಿದ. ಜನ ಸೇರಿದರು. “ಥೇಟ್ ಕಸ್ತೂರಕ್ಕನೇ!” ಎಂದು ಯಾರೋ ಅಂದರು. “ಎಷ್ಟ್ ಚಂದ ಕಾಣ್ತಾಳೆ ನೋಡ್ರಿ” ಎಂದಳು ಅಜ್ಜಪ್ಪನ ತಂಗಿ. ಅತ್ತೆ ಸೊಸೆ ಇಬ್ಬರೂ ಒಂದೇ ಕಣ್ಣಿನಿಂದ ಒಂದೇ ಕಡೆ ನೋಡುತ್ತಿದ್ದರು. ಯಾರಿಗೂ ಕಾಣಲಿಲ್ಲ. ಬದುಕಿದೆ ಎಂದುಕೊಂಡ ಬಕ್ಕೇಶನಿಗೆ ಬೆನ್ನಿಗೇ ಮನಸ್ಸು ಚುಚ್ಚಿತು: ಹಾಗಾದರೆ ಯಾರೂ ಯಾವತ್ತೂ ನೋಡಿಯೇ ಇಲ್ಲವೇ? ಅಜ್ಜಪ್ಪ ಮಾತ್ರ ಸ್ವಲ್ಪ ಹೊತ್ತು ನಿಂತು, “ಚಲೋ ಐತೆ. ಯಾರೋ ಸಾವ್ಕಾರ್ರ ಮನಿ ಹೆಣ್ಮಗಳಿದ್ದಂಗೈತೆ” ಎಂದು ಅಡುಗೆಯವರನ್ನು ವಿಚಾರಿಸಲು ಹೋದ.

ಆಗ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಮಗಳು ವಾಣಿ ಬಂದಳು. ಫೋಟೋದ ಕೆಳಗೆ ನಿಂತು ನೋಡಿದಳು. ಅವಳು ಅಳುತ್ತಾಳೆ ಎಂದು ಎಲ್ಲರೂ ಕಾದರು.

“ಅವ್ವನ ಕಣ್ಣಾಗಿನ ಹೂ ಎಲ್ಲೈತೆ?” ಎಂದಳು.

“ಇರ್ಲಿ ಬಿಡೇ” ಎಂದಳು ಸೋದರತ್ತೆ. “ಬದುಕಿರೋ ತನಕ ಅದೇ ಗೋಳಾತು ಅವಳಿಗೆ. ಸತ್ತ ಮ್ಯಾಲಾದ್ರೂ ಚಂದ ಇರ್ಲಿ.”

“ಬದುಕಿದ್ದಾಗ ಯಾರಿಗೂ ಬ್ಯಾಡಾಗಿದ್ದ ಕಣ್ಣು ಸತ್ತ ಮ್ಯಾಲೂ ಬ್ಯಾಡಾತೇನು ಅತ್ತೀ? ಅಜ್ಜಿ ‘ಹೂಗಣ್ಣಿ, ಹೂಗಣ್ಣಿ’ ಅಂತ ಮನಿತುಂಬ ಕರೀತಿದ್ದದ್ದು ಮರೆತೀಯೇನು?” ಎಂದು ವಾಣಿ ಗೋಡೆಯ ಮುದುಕಿಯ ಕಡೆ ಕೈ ಮಾಡಿದಳು. “ಒಂದ್ ಮದಿವಿಯಾಗೂ ಅವ್ವ ಫೋಟೋಕ್ಕ ನಿಂದ್ರಲಿಲ್ಲ. ಯಾರ್ದಾದ್ರೂ ಕೂಸು ಎತ್ಕಂಡು ಮಕಕ್ಕ ಅಡ್ಡ ಹಿಡೀತಿದ್ಲು. ಆ ಕಣ್ಣಾಗೇ ನನ್ನ ಸಾಕಿದ್ಲು ಅಕಿ. ನಾನ್ ಹೇಳಿದ್ದೆ ಮಾಸ್ತರೇ, ಹೂ ಇರ್ಬೇಕು ಅಂತ ಕಡ್ಡಿ ಮುರಿದಂಗೆ ಹೇಳಿದ್ದೆ. ನಿಮಗೆ ಮುಟ್ಟಿಸ್ಲಿಲ್ಲೇನು?”

“ಇಲ್ಲಮ್ಮ” ಎಂದ ಬಕ್ಕೇಶ. “ಖುದ್ದೂಸ್ ಹೇಳ್ಲಿಲ್ಲ.” ಅಂದದ್ದೇ ತಡ, ರಗ್ಗಿನೊಳಗೆ ನಡುಗುತ್ತ ಮಲಗಿದವನ ಮೂಗು ಕಣ್ಣಿಗೆ ಕಟ್ಟಿ ನಾಚಿಕೆಯಿಂದ ಕಿವಿ ಬಿಸಿಯಾಯಿತು. ವಾಣಿ ಅವನ ಮುಖವನ್ನು ನೋಡುತ್ತಲೇ ಇದ್ದಳು. ಸುಳ್ಳು ಎಂದು ಅವಳಿಗೆ ಗೊತ್ತಾಗಿತ್ತು. ಗೊತ್ತಾದದ್ದು ಅವನಿಗೂ ಗೊತ್ತಾಯಿತು. “ಬಣ್ಣ ತಂದೀರೇನು?” ಎಂದಳು. ಇಲ್ಲ ಎನ್ನಬಹುದಿತ್ತು. ಚೀಲದ ಬಾಯಿಂದ ಬ್ರಷ್ಷಿನ ಹಿಡಿ ಹೊರಗೆ ಇಣುಕುತ್ತಿತ್ತು.

ಅಕ್ಕಿಚೀಲ ಒಟ್ಟಿದ್ದ ಪಕ್ಕದ ಕೋಣೆಯಲ್ಲಿ ಅವನನ್ನು ಕೂರಿಸಿ, ಸ್ಟೀಲಿನ ಬಟ್ಟಲಲ್ಲಿ ನೀರಿಟ್ಟು, ಬಾಗಿಲು ಮುಂದೆ ಮಾಡಿ ವಾಣಿ ಹಿಂದೆ ನಿಂತಳು. ಮೊಳೆ ಕಿತ್ತು ಗಾಜು ತೆಗೆದ. ಹೀಗೆ ಬೆನ್ನ ಹಿಂದೆ ಒಬ್ಬರು ನಿಂತು ಅವನು ಕಣ್ಣು ಬರೆದದ್ದೇ ಇಲ್ಲ. ಬಿಳಿ ಚುಕ್ಕೆ ಇಟ್ಟ. “ನಡುವಕ್ಕಲ್ರಿ, ಸ್ವಲ್ಪ ಕೆಳಗೆ, ಮೂಗಿನ ಕಡಿಗೆ” ಎಂದಳು. “ಹಾಲಿನಂಗೆ ಬಿಳೀದಲ್ಲ. ಅಕ್ಕಿ ತೊಳೆದ ನೀರು ಇರ್ತೈತಲ್ಲ, ಹಂಗೆ.” ಸರಿಮಾಡಿದ. “ಇನ್ನೊಂದ್ ಕಣ್ಣು ಹಂಗಲ್ಲ. ಇದು ಎತ್ಲಾಗೋ ನೋಡ್ತೈತೆ. ಅವ್ವ ಎತ್ಲಾಗೋ ನೋಡೋಳಲ್ಲ. ಒಂದೇ ಕಣ್ಣಿತ್ತಲ್ಲ, ಮಕಾನ ಹಿಂಗೆ ತಿರುವಿ, ಎದುರಿಗಿದ್ದೋರ್ನೇ ನೋಡ್ತಿದ್ಲು.” ಅವಳು ಮುಂದೆ ಬಂದು ತನ್ನ ಮುಖವನ್ನೇ ತುಸು ಓರೆ ಮಾಡಿ, ಬಲಗಣ್ಣನ್ನು ಅರಳಿಸಿ, ಹುಬ್ಬು ಗಂಟಿಕ್ಕಿ ತೋರಿಸಿದಳು. ಬಕ್ಕೇಶ ಬಲಗಣ್ಣನ್ನು ಅಳಿಸಿದ. ಅವಳು ಹೇಳಿದಂತೆ ಬರೆದ. ಖುಷಿ ಬರಲಿಲ್ಲ. ಓಣಿಯ ಸದ್ದು, ಪಾತ್ರೆಯ ಸದ್ದು, ಅವಳ ಉಸಿರು, ಎಲ್ಲ ಕೇಳಿಸುತ್ತಿತ್ತು. ಗೆರೆ ದಪ್ಪವಾಯಿತು, ಹೂ ಅಂಚಿನಲ್ಲಿ ಕದಡಿತು. ಮುಗಿದಾಗ ನೋಡಿದರೆ ಅವನ ಜೀವಮಾನದಲ್ಲೇ ಅಷ್ಟು ಕೆಟ್ಟದಾಗಿ ಏನನ್ನೂ ಬರೆದಿರಲಿಲ್ಲ. ಹಿಟ್ಟು ಒಣಗಿದ ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡು ವಾಣಿ ಸದ್ದಿಲ್ಲದೆ ಅಳುತ್ತಿದ್ದಳು. “ನಿಮ್ ಹೆಸರು ಹಾಕಲ್ಲೇನ್ರಿ?” ಎಂದಳು ಕೊನೆಗೆ, ಮೂಗೊರೆಸಿಕೊಂಡು. ಯಾರೂ ಹಾಗೆ ಕೇಳಿರಲಿಲ್ಲ. ಮೂಲೆಯಲ್ಲಿ ಸಣ್ಣಗೆ ಬಕ್ಕೇಶ ಎಂದು ಬರೆದ. ಪ್ರಶಾಂತ ನೋಡಿದರೆ ನಗುತ್ತಿದ್ದ.

ಮತ್ತೆ ಗೋಡೆಗೆ ಹಾಕುವಾಗ ಯಾರೂ ಥೇಟ್ ಎನ್ನಲಿಲ್ಲ, ಚಂದ ಎನ್ನಲಿಲ್ಲ. ಸೋದರತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಅಜ್ಜಪ್ಪ ಹೊರಗಿನಿಂದ ಏನೋ ಹೇಳುತ್ತಾ ಬಂದವನು ಬಾಗಿಲಲ್ಲೇ ನಿಂತ. ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡ. “ಹಿಂಗೇ ನೋಡ್ತಿದ್ಲು” ಎಂದ. “ಎಲ್ಲಿಗೋಗಿದ್ರಿ ಇಷ್ಟೊತ್ತು ಅಂತ 
ಕೇಳಿದಂಗಾತು.” ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡ. ಬಕ್ಕೇಶ ಸ್ಟೂಲು ಪಕ್ಕಕ್ಕೆ ಸರಿಸಿದ. ತಪ್ಪಿಸಿಕೊಂಡೆ ಎಂದಷ್ಟೇ ಅಲ್ಲ, ಏನೋ ಒಂದು ಒಳ್ಳೆಯದು ತನ್ನ ಕೈಯಿಂದ ತನ್ನನ್ನು ಕೇಳದೆ ಆಗಿಹೋಯಿತು ಎನ್ನಿಸಿ, ಈಗ ಉಂಡು ಹೋಗಬಹುದು ಎಂದುಕೊಂಡ.

ಅಜ್ಜಪ್ಪ ಕಣ್ಣೊರೆಸಿಕೊಂಡು ತಲೆಯೆತ್ತಿದ. ಹೆಂಡತಿಯನ್ನು ನೋಡಿದ. ಹಾಗೇ ಅವನ ನೋಟ ಪಕ್ಕದ ಫೋಟೋಗೆ ಜಾರಿತು, ಅಲ್ಲೇ ನಿಂತಿತು. ಮತ್ತೆ ಹೆಂಡತಿಯ ಕಡೆ, ಮತ್ತೆ ತಾಯಿಯ ಕಡೆ.

“ಮಾಸ್ತರೇ, ಆಗ ತಂದಾಗ ಇವಳಿಗೆ ಇದ್ದ ಕಣ್ಣು...” ಎಂದ ಅಜ್ಜಪ್ಪ ನಿಧಾನವಾಗಿ, ತಾಯಿಯ ಫೋಟೋದ ಕಡೆ ಬೆರಳು ಮಾಡಿ. “ಇವೇ ಅಲ್ರಿ?”

ಬಕ್ಕೇಶ ಬ್ರಷ್ಷಿನ ಹಿಡಿಯನ್ನು ಚೀಲದೊಳಕ್ಕೆ ತುರುಕಿದ.

“ಇವು ನಮ್ಮವ್ವನವು ಅಲ್ಲೇನು ಹಂಗಾರೆ? ದಿನಾ ಡ್ಯೂಟಿಗೆ ಹೋಗೋಕ್ ಮುಂಚೆ ಇವುಕ್ಕೇ ಕೈ ಮುಗಿದು ಹೋಗ್ತಿದ್ನಲ್ರಿ ನಾನು. ಯಾರವು ಇವು?”

ಖುದ್ದೂಸನ ಹೆಸರು ಮತ್ತೆ ನಾಲಿಗೆಯ ತುದಿಗೆ ಬಂತು. ವಾಣಿ ನೋಡುತ್ತಿದ್ದಳು. “ನನ್ನವ್ರಿ” ಎಂದ ಬಕ್ಕೇಶ. ತನ್ನ ಕೆಲಸವನ್ನು ತನ್ನದು ಎಂದು ಜನರ ಮುಂದೆ ಹೇಳಿದ್ದು ಅದೇ ಮೊದಲು. ಅಂದುಕೊಂಡಿದ್ದ ಹಾಗೆ ಅದು ಬೆಂಗಳೂರಿನ ಯಾವ ಹಾಲಿನಲ್ಲೂ ಅಲ್ಲ, ಹುಗ್ಗಿಯ ವಾಸನೆಯ ಪಡಸಾಲೆಯಲ್ಲಿ, ದನಿ ಒಡೆದು. “ನಾನ್ ಮನಸ್ಸಿಗೆ ಬಂದಂಗೆ ಬರ್ದವು. ತಪ್ಪಾತ್ರಿ ಯಜಮಾನ್ರೇ. ಬಣ್ಣ ಐತೆ. ಅವ್ವಾರ ಕಣ್ಣು ಹೆಂಗಿದ್ವು ಹೇಳ್ರಿ, ಈಗ್ಲೇ ಕೂತು ತಿದ್ದಿ ಕೊಡ್ತೀನಿ.”

ಅಜ್ಜಪ್ಪ ಹೇಳಲು ಬಾಯಿ ತೆರೆದ. “ಸಣ್ಣವು” ಎಂದ. “ಅಲ್ಲ... ಒಂಚೂರು ಒಳಗೆ...” ನಿಲ್ಲಿಸಿದ. ಕಣ್ಣು ಮುಚ್ಚಿದ. ಹಣೆಯ ಮೇಲೆ ಗೆರೆ ಮೂಡಿದವು. ಕತ್ತಲಲ್ಲಿ ಬೀಗದ ಕೈ ತಡಕುವವನ ಹಾಗೆ ಅವನ ಬೆರಳುಗಳು ಟವಲಿನ ಮೇಲೆ ಆಡಿದವು. ಎಲ್ಲರೂ ಕಾದರು. ಅವನು ಕಣ್ಣು ಬಿಟ್ಟಾಗ ಅಷ್ಟು ಎತ್ತರದ ಮನುಷ್ಯನ ಮುಖದಲ್ಲಿ ದಾರಿ ತಪ್ಪಿದ ಮಗುವಿನ ಹೆದರಿಕೆ ಇತ್ತು.

“ನೆನಪಿಗೆ ಬರವಲ್ವು” ಎಂದ. “ಕಣ್ಮುಚ್ಚಿದ್ರೆ ಇವೇ ಬರ್ತಾವೆ.” ತಂಗಿಯ ಕಡೆ ತಿರುಗಿ, “ನಿಂಗೆ?” ಎಂದು ಕೇಳಿದ. ಅವಳು ಗೋಡೆಯ ಕಡೆ ನೋಡಿ, ಕೆಳಗೆ ನೋಡಿ, ತಲೆಯಾಡಿಸಿದಳು.

ಅಜ್ಜಪ್ಪ ಎದ್ದು, ಸ್ಟೂಲು ಬೇಕಿಲ್ಲದೆ, ಕೈ ಎತ್ತಿ ಮುದುಕಿಯ ಫೋಟೋ ಇಳಿಸಿದ. ಗೋಡೆಯ ಮೇಲೆ ಸುಣ್ಣ ಮಾಸದ ಚೌಕವೊಂದು ಉಳಿಯಿತು. ಟವಲಿನಿಂದ ಫ್ರೇಮಿನ ಮೇಲಿನ ಧೂಳು ಒರೆಸಿದ. ಗಾಜಿನ ಮೇಲಿನ ವಿಭೂತಿ ಮುಟ್ಟಲಿಲ್ಲ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಬಕ್ಕೇಶ ಹೇಗಾದರೂ ತಡೆದುಕೊಳ್ಳುತ್ತಿದ್ದ. “ನಿಮ್ದಾದ್ರೆ ನೀವೇ ತಗಂಡ್ ಹೋಗ್ರಿ ಮಾಸ್ತರೇ” ಎಂದ. “ಇನ್ನಿದರ ಮುಂದೆ ನನಗ್ ನಿಂದ್ರೋಕಾಗಲ್ಲ.”

ಉಣ್ಣಲು ಯಾರೂ ಕರೆಯಲಿಲ್ಲ. ವಾಪಸು ಬಸ್ಸಿನಲ್ಲಿ ಸುತ್ತಲು ಪೇಪರಿರಲಿಲ್ಲ. ಫೋಟೋವನ್ನು ಮುಖ ಕೆಳಗೆ ಮಾಡಿ ಇಟ್ಟುಕೊಂಡರೆ ಎಲ್ಲರೂ ನೋಡುತ್ತಿದ್ದರು, ಮೇಲೆ ಮಾಡಿದರೆ ಮುದುಕಿ ನೋಡುತ್ತಿದ್ದಳು, ಅವನನ್ನಲ್ಲ, ಅವನ ಎಡಭುಜದ ಆಚೆಗೆ. ಪಕ್ಕದಲ್ಲಿ ಬಂದು ಕೂತ ಹೆಂಗಸು ವಿಭೂತಿ ಕಂಡು ಗಾಜು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. “ನಿಮ್ ತಾಯೇರೇನ್ರಿ? ಎಷ್ಟ್ ಚಂದ ಅದಾವೆ ಕಣ್ಣು” ಎಂದಳು. ಅಲ್ಲ ಎಂದರೆ ಯಾರು ಎಂದು ಕೇಳುತ್ತಾಳೆ. “ಹೌದ್ರಿ” ಎಂದ ಬಕ್ಕೇಶ. ಎಂದವನಿಗೆ ಸತ್ತು ಎಷ್ಟೋ ವರ್ಷವಾದ ತನ್ನ ತಾಯಿ ನೆನಪಾದಳು. ಅವಳ ಸೀರೆಯ ಅಂಚು ನೆನಪಾಯಿತು, ಕೈಬಳೆ, ಕೆಮ್ಮು, ಬೈಗುಳ ಎಲ್ಲ ನೆನಪಾದವು. ಕಣ್ಣು ಮುಚ್ಚಿ ಅವಳ ಮುಖವನ್ನು ಕರೆದ. ಹಣೆ ಬಂತು, ಮೂಗು ಬಂತು, ರೆಪ್ಪೆ ಮುಚ್ಚಿಕೊಂಡೇ ಬಂದವು. ಬಿಟ್ಟರೆ ತೊಡೆಯ ಮೇಲಿನ ಇವೇ ಕಣ್ಣು ಕಂಡಾವು, ಬಿಡುವುದು ಬೇಡ, ಹೀಗೇ ಮುಚ್ಚಿರಲಿ ಎಂದು ಅವನು ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ.